ಹೀರೋಗಿರಿ ನಡೆಯದ ನಾಡು – ಲಾವೋಸ್!

ಸ್ಟೈಲು, ಡೈಲಾಗು, ಫೈಟಿಂಗು... ಮೂರನ್ನೂ ವಿಮಾನ ನಿಲ್ದಾಣದಲ್ಲೇ ಬಿಟ್ಟು ಹೋಗಿ

ನಮ್ಮ ಚಿತ್ರಗಳಲ್ಲಿ ಹೀರೋ ಎಂಟ್ರಿ ಹೇಗಿರುತ್ತೆ, ಸ್ವಲ್ಪ ಜ್ಞಾಪಿಸಿಕೊಳ್ಳಿ. ಮೊದಲು ಮುಖ ತೋರಿಸೋದಿಲ್ಲ. ಮೊದಲು ಕಾಲು! ಜೀಪಿನ ಬಾಗಿಲು ತೆರೆಯುತ್ತೆ, ಬೂಟು ನೆಲಕ್ಕೆ ಬೀಳುತ್ತೆ, ಧೂಳು ಏಳುತ್ತೆ. ಗಾಂಧಿ ಕ್ಲಾಸಿನಲ್ಲಿ ಸಿಳ್ಳೆಯೋ ಸಿಳ್ಳೆ. ಆಮೇಲೆ ಆತ ಕುರ್ಚಿ ಎಳೆದು ವಿಲನ್ ಎದುರಿಗೇ ಕಾಲ ಮೇಲೆ ಕಾಲು ಹಾಕಿ ಕೂರುತ್ತಾನೆ. ಬೆರಳು ತೋರಿಸಿ ಒಂದು ಡೈಲಾಗ್ ಬಿಡುತ್ತಾನೆ. ಹೊರಡುವಾಗ ಪಕ್ಕದಲ್ಲಿ ನಿಂತ ಪುಟ್ಟ ಹುಡುಗನ ತಲೆ ಸವರುತ್ತಾನೆ. ಚಪ್ಪಾಳೆ!

ಇದೇ ರೀಲನ್ನು ಲಾವೋಸ್ ದೇಶದ ಒಂದು ಹಳ್ಳಿಯಲ್ಲಿ ಓಡಿಸಿ ನೋಡಿ. ಚಾಚಿದ ಕಾಲು, ತೋರಿಸಿದ ಬೆರಳು, ಏರಿದ ದನಿ, ಮುಟ್ಟಿದ ತಲೆ... ಐದು ನಿಮಿಷದಲ್ಲಿ ನಾಲ್ಕು ತಪ್ಪು! ಅಲ್ಲಿನ ಅಜ್ಜಿಯರ ಕಣ್ಣಿಗೆ ಈತ ಹೀರೋ ಅಲ್ಲವೇ ಅಲ್ಲ. ಮನೆಯಲ್ಲಿ ಹೇಳಿಕೊಡೋರಿಲ್ಲದೆ ಬೆಳೆದ ಪಾಪದ ಹುಡುಗ, ಅಷ್ಟೇ.

ಲಾವೋಸ್ ಎಲ್ಲಿದೆ ಅಂತೀರಾ? ಥಾಯ್ಲೆಂಡ್, ವಿಯೆಟ್ನಾಂ, ಕಾಂಬೋಡಿಯ, ಚೀನಾ, ಬರ್ಮಾ – ಈ ಐದರ ನಡುವೆ ಸಿಕ್ಕಿಕೊಂಡಿರುವ ಗುಡ್ಡಗಾಡಿನ ದೇಶ. ಸಮುದ್ರವಿಲ್ಲ, ಮೆಕಾಂಗ್ ನದಿಯೇ ಎಲ್ಲ. ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ದೊಡ್ಡದು, ಜನ ಮಾತ್ರ ಒಂದು ಕೋಟಿಯೂ ಇಲ್ಲ. ಬ್ಯಾಂಕಾಕ್‌ಗೆ ಹೋದೋರು ಅಲ್ಲಿಂದ ರೈಲು ಹಿಡಿದು, 1994ರಲ್ಲಿ ಮೆಕಾಂಗ್ ಮೇಲೆ ಕಟ್ಟಿದ ಸ್ನೇಹ ಸೇತುವೆ ದಾಟಿದರೆ ರಾಜಧಾನಿ ವಿಯೆಂಟಿಯಾನ್. ಅಲ್ಲಿಂದ ಹಳೆಯ ಅರಸರ ಊರು ಲುವಾಂಗ್ ಪ್ರಬಾಂಗ್‌ಗೆ 2021ರ ಡಿಸೆಂಬರ್‌ನಲ್ಲಿ ಹೊಸ ರೈಲು ಶುರುವಾಯಿತು. ಮೊದಲು ಬೆಟ್ಟದ ದಾರಿಯಲ್ಲಿ ದಿನವಿಡೀ ಬಸ್ಸಿನಲ್ಲಿ ಕುಲುಕಾಡಬೇಕಿತ್ತು. ಈಗ ಸುಮಾರು ಎರಡು ಗಂಟೆ. ಹೀಗಾಗಿ ನಮ್ಮ ಹುಡುಗರೂ ಅಲ್ಲಿಗೆ ಹೊರಟಿದ್ದಾರೆ. ದಾರಿ ಸುಲಭವಾಯಿತು. ನಡತೆ?

ಕಾಲು ಕೆಳಗೇ ಇರಲಿ ಸ್ವಾಮಿ

ಲಾವೋ ಜನರಿಗೆ ಮನುಷ್ಯನ ಮೈಯಲ್ಲಿ ಅತ್ಯಂತ ಮೇಲಿನದು ತಲೆ, ಅತ್ಯಂತ ಕೆಳಗಿನದು ಕಾಲು. ಇದು ಬರೀ ಅಳತೆಯ ಮಾತಲ್ಲ, ಮರ್ಯಾದೆಯ ಮಾತು. ಮನುಷ್ಯನೊಳಗೆ ‘ಖ್ವಾನ್’ ಅನ್ನೋ ಚೈತನ್ಯಗಳು 32 ಇವೆ, ಅವು ಮೈಯನ್ನು ಕಾಯುತ್ತವೆ ಅಂತ ಅವರ ನಂಬಿಕೆ. ತಲೆಯಂತೂ ಪವಿತ್ರ. ಆದ್ದರಿಂದ ಎಷ್ಟೇ ಮುದ್ದಾದ ಮಗು ಕಂಡರೂ ತಲೆ ಸವರಬೇಡಿ. ನಮ್ಮಲ್ಲಿ ತಲೆ ಮೇಲೆ ಕೈಯಿಟ್ಟು ಹರಸುತ್ತೇವೆ. ಅಲ್ಲಿ ಅಪರಿಚಿತನ ಕೈ ತಲೆಗೆ ಬಂದರೆ ತಾಯಿಯ ಎದೆ ಧಸಕ್ಕೆನ್ನುತ್ತೆ.

ಕಾಲಿನ ಕಾಯಿದೆ ಇನ್ನೂ ಬಿಗಿ. ಮನೆಗೆ, ಗುಡಿಗೆ, ಎಷ್ಟೋ ಲಾಡ್ಜುಗಳಿಗೂ ಚಪ್ಪಲಿ ಹೊರಗೇ. ಬಾಗಿಲಲ್ಲಿ ಚಪ್ಪಲಿಗಳ ಸಾಲು ಕಂಡರೆ ಯಾರನ್ನೂ ಕೇಳಬೇಡಿ, ಬಿಚ್ಚಿ. ಎದುರಿಗೆ ಕುಳಿತವರ ಕಡೆ ಅಂಗಾಲು ತೋರಿಸೋದು, ಎದುರಿನ ಸೀಟಿನ ಮೇಲೆ ಕಾಲು ಚಾಚೋದು, ಕಾಲಿನಿಂದ ವಸ್ತು ತಳ್ಳೋದು – ಮೂರೂ ಅವಮಾನ. ಬುದ್ಧನ ಮೂರ್ತಿಯ ಮುಂದೆ ಕೂರುವಾಗ ಕಾಲನ್ನು ಮಡಚಿ ಹಿಂದಕ್ಕೆ, ಪಕ್ಕಕ್ಕೆ ಸೇರಿಸಿಕೊಳ್ಳಿ. ನೆಲದ ಮೇಲೆ ಕೂತವರನ್ನು, ಹರಡಿಟ್ಟ ಊಟವನ್ನು ದಾಟಿ ಹೋಗಬೇಡಿ. ಸುತ್ತಿ ಹೋಗಿ, ಜಾಗವಿಲ್ಲದಿದ್ದರೆ ಸರಿಯುವಂತೆ ಕೇಳಿಕೊಳ್ಳಿ. ತಲೆ ಇಡೋ ದಿಂಬಿನ ಮೇಲೆ ಕೂರಲೇಬೇಡಿ!

ಹಿರಿಯರು ಕೂತಿರುವಾಗ ನೀವು ಅವರ ಮುಂದೆ ಹಾಯಬೇಕಾಯಿತು ಅನ್ನಿ. ಬೆನ್ನು ಬಾಗಿಸಿ, ತಲೆ ತಗ್ಗಿಸಿ, ‘ಖೋ ಥೋಟ್’ ಅಂದು ದಾಟಬೇಕು. ಹಾಗಂದರೆ ‘ಕ್ಷಮಿಸಿ’. ಈ ‘ಥೋಟ್’ ಯಾವುದು ಗೊತ್ತೇ? ಸಂಸ್ಕೃತದ ‘ದೋಷ’! ಹಾಗೇ ಅವರ ‘ಖೂ’ ನಮ್ಮ ಗುರು, ‘ಫಾಸಾ’ ನಮ್ಮ ಭಾಷೆ. ಸಾವಿರಾರು ಮೈಲಿ ನಡೆದು ಸವೆದುಹೋದ ನಮ್ಮ ಮಾತುಗಳೇ ಅಲ್ಲಿ ನಿಮ್ಮನ್ನು ಮಾತಾಡಿಸುತ್ತವೆ.

ಕೈ ಮುಗಿಯೋದರಲ್ಲಿ ಇದೆ ಗುಟ್ಟು

ಕಲಿಯಬೇಕಾದ ಮೊದಲ ಮಾತು ‘ಸಬಾಯ್ ದೀ’. ನಮಸ್ಕಾರ, ಹಲೋ, ಚೆನ್ನಾಗಿದೀರಾ – ಎಲ್ಲ ಅದರಲ್ಲೇ. ಜೊತೆಗೆ ಕೈ ಜೋಡಿಸೋದಕ್ಕೆ ‘ನೋಪ್’ ಅಂತಾರೆ. ನಮ್ಮ ನಮಸ್ಕಾರದಂತೆಯೇ, ಆದ್ರೆ ಎತ್ತರಕ್ಕೆ ಅರ್ಥವಿದೆ. ಸರೀಕರಿಗಾದರೆ ಕೈ ಎದೆಯ ಹತ್ತಿರ. ಹಿರಿಯರಿಗೆ ಇನ್ನಷ್ಟು ಮೇಲೆ, ತಲೆ ಸ್ವಲ್ಪ ಬಾಗಿಸಿ. ಭಿಕ್ಷುಗಳಿಗೆ, ಬುದ್ಧನಿಗೆ ಹಣೆಯ ತನಕ. ಕಿರಿಯನೇ ಮೊದಲು ಕೈ ಮುಗಿಯಬೇಕು. ಭಿಕ್ಷು ತಿರುಗಿ ಕೈ ಮುಗಿಯೋದಿಲ್ಲ. ಅದನ್ನು ಅಹಂಕಾರ ಅಂದುಕೊಳ್ಳಬೇಡಿ. ಪೇಟೆಯ ಗಂಡಸರು ಕೈ ಕುಲುಕೋದೂ ಉಂಟು. ಆದ್ರೆ ಹೆಣ್ಣುಮಕ್ಕಳಿಗೆ ನೀವಾಗಿ ಕೈ ಚಾಚದೆ ನೋಪ್ ಮಾಡಿದರೆ ಚೆನ್ನ.

ಸಾವಿರಾರು ಜನರ ಮುಂದೆ ಎರಡೂ ಕೈ ಜೋಡಿಸಿ, ಬಾಗಿ, ‘ಅಭಿಮಾನಿ ದೇವರುಗಳೇ’ ಅನ್ನುತ್ತಿದ್ದ ಅಣ್ಣಾವ್ರನ್ನು ನೆನೆಸಿಕೊಳ್ಳಿ. ಬಿಳಿ ಪಂಚೆ, ಬಿಳಿ ಷರ್ಟು, ತಗ್ಗಿದ ದನಿ. ಡಾ. ರಾಜ್ ಲಾವೋಸ್‌ಗೆ ಹೋಗಿದ್ದರೆ ಯಾರೂ ಅವರಿಗೆ ಏನೂ ಕಲಿಸಬೇಕಾಗಿರಲಿಲ್ಲ!

ಇನ್ನು ಕರೆಯೋ ಮಾತು. ಅಲ್ಲಿ ಬರೀ ಹೆಸರು ಹಿಡಿದು ಕೂಗೋದು ಕಡಿಮೆ. ನಿಮಗಿಂತ ಸ್ವಲ್ಪ ದೊಡ್ಡವನಾದರೆ ‘ಆಯ್’ – ಅಣ್ಣ. ದೊಡ್ಡವಳಾದರೆ ‘ಎವಾಯ್’ – ಅಕ್ಕ. ಚಿಕ್ಕವರು ‘ನೋಂಗ್’. ಅಪ್ಪನಿಗಿಂತ ಹಿರಿಯ ಗಂಡಸು ‘ಲುಂಗ್’ – ದೊಡ್ಡಪ್ಪ. ಹಾಗೇ ‘ಪಾ’ – ದೊಡ್ಡಮ್ಮ. ಹೋಟೆಲಿನ ಹೆಂಗಸಾಗಲಿ, ದೋಣಿಯವನಾಗಲಿ, ಎಲ್ಲರೂ ಯಾವುದೋ ಒಂದು ಸಂಬಂಧ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ‘ಅಣ್ಣಾ ಒಂದು ಕಾಫಿ’ ಅನ್ನೋ ಹುಡುಗನಿಗೆ ಇದು ಕಷ್ಟವೇ ಅಲ್ಲ. ‘ಏಯ್’ ಅನ್ನೋ ಹುಡುಗನಿಗೆ ಮಾತ್ರ ಕಷ್ಟ.

ಯಾರನ್ನಾದರೂ ಹತ್ತಿರ ಕರೆಯಬೇಕಾದರೆ ಒಂಟಿ ಬೆರಳು ಆಡಿಸಿ ‘ಬಾ ಮಗನೇ’ ಸ್ಟೈಲಿನಲ್ಲಿ ಕರೆದರೆ ಕೆಟ್ಟಿರಿ. ಅಂಗೈ ಕೆಳಮುಖ ಮಾಡಿ ಬೆರಳುಗಳನ್ನು ಮೆಲ್ಲಗೆ ನಿಮ್ಮ ಕಡೆ ಆಡಿಸಬೇಕು. ಏನಾದರೂ ಕೊಡುವಾಗ ಬಲಗೈ. ಹಿರಿಯರಿಗಾದರೆ ಎರಡೂ ಕೈ.

ಕೂಗಿದವನೇ ಸೋತ

ಈಗ ಬಂತು ನೋಡಿ ಮುಖ್ಯವಾದ ಮಾತು. 1972ರ ‘ನಾಗರಹಾವು’ ಚಿತ್ರದ ರಾಮಾಚಾರಿಯ ಸಿಟ್ಟು ನಮಗೆಲ್ಲ ಇಷ್ಟ. ಅಂಥವನಿಗೆ ಲಾವೋ ಭಾಷೆಯಲ್ಲಿ ‘ಚಾಯ್ ಹೋನ್’ ಅಂತಾರೆ – ಬಿಸಿ ಹೃದಯದವನು. ಅದು ಹೊಗಳಿಕೆಯಲ್ಲ! ‘ಚಾಯ್ ಯೆನ್’ – ತಣ್ಣನೆಯ ಹೃದಯ – ಇರೋನೇ ಗಂಡಸು. ಚಾಮಯ್ಯ ಮೇಷ್ಟ್ರ ಮುಂದೆ ತಲೆ ಬಾಗಿಸಿ ನಿಂತ ರಾಮಾಚಾರಿ ಅವರಿಗೆ ಒಪ್ಪಿಗೆ. ಬೀದಿಯಲ್ಲಿ ರೇಗೋ ರಾಮಾಚಾರಿ ಅಲ್ಲ.

ವಿಯೆಂಟಿಯಾನ್‌ನ ನದೀದಂಡೆಯ ಒಂದು ನೂಡಲ್ಸ್ ಅಂಗಡಿಯಲ್ಲಿ ನಾನು ಕಂಡದ್ದು ಹೇಳುತ್ತೇನೆ. ನಮ್ಮ ದೇಶದವನೇ ಒಬ್ಬ ಯುವಕ, ಮಾಂಸ ತಿನ್ನದವನು. ಬಟ್ಟಲಲ್ಲಿ ಮಾಂಸದ ತುಂಡು ಬಂತು. ಆತ ಎದ್ದು ನಿಂತು ದನಿ ಏರಿಸಿದ. ಅಂಗಡಿಯ ಹೆಂಗಸು ಮುಗುಳ್ನಕ್ಕಳು. ‘ತಪ್ಪು ಮಾಡಿ ನಗ್ತೀಯಾ?’ ಅಂತ ಆತ ಇನ್ನೂ ಜೋರಾದ. ಆಕೆ ಇನ್ನೂ ನಕ್ಕಳು. ಸುತ್ತಲಿನ ಮೇಜುಗಳಲ್ಲಿ ಕೂತವರೆಲ್ಲ ತಲೆ ತಗ್ಗಿಸಿ ತಂತಮ್ಮ ಬಟ್ಟಲು ನೋಡತೊಡಗಿದರು. ಆಕೆ ಬೇರೆ ಬಟ್ಟಲು ತಂದಿಟ್ಟಳು, ದುಡ್ಡನ್ನೂ ತಗೊಳ್ಳಲಿಲ್ಲ. ಗೆದ್ದೆ ಅಂದುಕೊಂಡು ಆತ ಹೊರಟುಹೋದ. ಆತ ಹೋದ ಮೇಲೆ ಆಕೆ ಒಲೆಯ ಹಿಂದೆ ಹೋಗಿ ಸುಮಾರು ಹೊತ್ತು ಹೊರಗೇ ಬರಲಿಲ್ಲ.

ಆ ನಗೆ ಗೇಲಿಯ ನಗೆಯಲ್ಲ, ಸ್ವಾಮಿ. ಮುಜುಗರದ ನಗೆ. ‘ಇದನ್ನು ಇಲ್ಲಿಗೇ ಬಿಡೋಣ’ ಅನ್ನೋ ನಗೆ. ನಾಲ್ಕು ಜನರ ಮುಂದೆ ಒಬ್ಬರನ್ನು ಬೈದರೆ ಅವರು ‘ಸಿಯಾ ನಾ’ ಆಗುತ್ತಾರೆ – ಅಂದ್ರೆ ಮುಖ ಕಳೆದುಕೊಳ್ಳುತ್ತಾರೆ. ನಮ್ಮಲ್ಲೂ ‘ಮುಖಭಂಗ’ ಅನ್ನೋ ಮಾತಿಲ್ಲವೇ? ಅದೇ ಇದು. ಅಲ್ಲಿನ ವ್ಯತ್ಯಾಸ ಇಷ್ಟೇ: ಬೈಸಿಕೊಂಡವರ ಮುಖದ ಜೊತೆ ಬೈದವನ ಮುಖವೂ ಹೋಗುತ್ತೆ, ನೋಡಿದವರಿಗೂ ನಾಚಿಕೆಯಾಗುತ್ತೆ. ತಕರಾರಿದ್ದರೆ ದನಿ ಇಳಿಸಿ, ನೀವೂ ಒಂದು ನಗೆ ನಕ್ಕು, ಪಕ್ಕಕ್ಕೆ ಕರೆದು ಹೇಳಿ. ಕೆಲಸ ಬೇಗ ಆಗುತ್ತೆ. ಮಾಂಸ ಬೇಡವಾದರೆ ಮೊದಲೇ ‘ಬೋ ಸಾಯ್ ಸೀನ್’ ಅನ್ನಿ. ಆದರೂ ಸಾರಿನಲ್ಲಿ ಮೀನಿನ ರಸ ಇದ್ದೇ ಇರುತ್ತೆ ಅಂತ ತಿಳಿದಿರಿ. ‘ಪಾದೇಕ್’ ಅನ್ನೋ ಹುಳಿ ಬಂದ ಮೀನಿನ ಗೊಜ್ಜಿಲ್ಲದೆ ಅವರ ಅಡಿಗೆಯೇ ಇಲ್ಲ.

ಮುಖಭಂಗ ಮಾಡಬಾರದು ಅನ್ನೋ ಈ ಗುಣದಿಂದಲೇ ಅಲ್ಲಿ ‘ಇಲ್ಲ’ ಅನ್ನೋ ಮಾತು ನಾಲಿಗೆಗೆ ಬೇಗ ಬರೋದಿಲ್ಲ. ‘ಬಸ್ ಸ್ಟ್ಯಾಂಡಿಗೆ ಇದೇ ದಾರೀನಾ?’ ಅಂದರೆ ‘ಹೌದು’ ಅಂದುಬಿಡಬಹುದು. ‘ಬಸ್ ಸ್ಟ್ಯಾಂಡ್ ಯಾವ ಕಡೆ?’ ಅಂತ ಕೇಳೋದು ಜಾಣತನ. ಏನಾದರೂ ಸಣ್ಣ ಎಡವಟ್ಟಾದರೆ ‘ಬೋ ಪೆನ್ ಯಾಂಗ್’ ಅಂತಾರೆ – ‘ಪರವಾಗಿಲ್ಲ ಬಿಡಿ’. ದಿನಕ್ಕೆ ಹತ್ತು ಸಲ ಕಿವಿಗೆ ಬೀಳೋ ಮಾತು. ರಸ್ತೆಯಲ್ಲಿ ಹಾರನ್ ಹೊಡೆಯೋದು ಕೂಡ ಅಲ್ಲಿ ಕಡಿಮೆ. ನಮ್ಮ ಮೆಜೆಸ್ಟಿಕ್‌ನಲ್ಲಿ ಬೆಳೆದ ಕಿವಿಗೆ ಮೊದಲ ದಿನ ಏನೋ ಕಳಕೊಂಡಂತೆ ಅನ್ನಿಸುತ್ತೆ!

ಊಟ ಆಯ್ತಾ?

ನಮ್ಮ ಹಳ್ಳಿಗಳಲ್ಲಿ ಎದುರು ಸಿಕ್ಕರೆ ಕೇಳೋ ಪ್ರಶ್ನೆಯೇ ಅಲ್ಲೂ: ‘ಕಿನ್ ಖಾವ್ ಲೇವ್ ಬೋ?’ ಊಟ ಆಯ್ತಾ ಅಂತ. ಊಟಕ್ಕೆ ಕೂತಿರುವ ಮನೆಯ ಮುಂದೆ ಹಾದರೆ ‘ಬನ್ನಿ ಊಟಕ್ಕೆ’ ಅಂತ ಕರೆಯದೆ ಬಿಡೋರಿಲ್ಲ. ಅದು ಮರ್ಯಾದೆಯ ಕರೆ. ನಕ್ಕು, ‘ಖೋಪ್ ಚಾಯ್’ – ಧನ್ಯವಾದ – ಅಂದು ಮುಂದೆ ಹೋಗಬಹುದು. ಆದ್ರೆ ಮನೆಯೊಳಗೆ ಕೂತ ಮೇಲೆ ನೀರೋ ತಿಂಡಿಯೋ ಮುಂದಿಟ್ಟರೆ ಪೂರ್ತಿ ನಿರಾಕರಿಸಬಾರದು. ಹೊಟ್ಟೆ ತುಂಬಿದ್ದರೂ ಒಂದು ತುತ್ತು, ಒಂದು ಗುಟುಕು.

ಅವರ ಮುಖ್ಯ ಆಹಾರ ‘ಖಾವ್ ನಿಯಾವ್’ ಅನ್ನೋ ಅಂಟು ಅನ್ನ. ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಬರುತ್ತೆ. ನಾವು ಮುದ್ದೆ ಮುರಿದಂತೆ ಚೂರು ಮುರಿದು, ಬೆರಳಲ್ಲಿ ಉಂಡೆ ಮಾಡಿ, ‘ಜೆಯೋ’ ಅನ್ನೋ ಖಾರದ ಚಟ್ನಿಗೆ ಅದ್ದಿ ಬಾಯಿಗೆ. ಕೈಯಲ್ಲೇ ತಿನ್ನೋದು – ನಮ್ಮ ಹುಡುಗರಿಗೆ ಅಲ್ಲಿ ಸಿಗೋ ಮೊದಲ ಫಸ್ಟ್ ಕ್ಲಾಸು! ಕೊಚ್ಚಿದ ಮಾಂಸಕ್ಕೆ ನಿಂಬೆ, ಪುದೀನ, ಹುರಿದ ಅಕ್ಕಿಪುಡಿ ಕಲಸಿದ ‘ಲಾಪ್’, ಹಸಿ ಪರಂಗಿಕಾಯಿಯನ್ನು ಮೆಣಸಿನಕಾಯಿ ಜೊತೆ ಒರಳಲ್ಲಿ ಕುಟ್ಟಿದ ‘ತಾಮ್ ಮಾಕ್ ಹೂಂಗ್’, ಎಲ್ಲ ನಡುವೆ ಇಟ್ಟು ಹಂಚಿಕೊಂಡು ತಿನ್ನೋದು. ಹಿರಿಯರು ಶುರು ಮಾಡಲಿ. ಒಳ್ಳೆ ತುಂಡುಗಳನ್ನೆಲ್ಲ ನಿಮ್ಮ ಕಡೆ ಎಳೆದುಕೊಳ್ಳಬೇಡಿ. ಊಟ ಮುಗಿದ ಮೇಲೆ ಅನ್ನದ ಬುಟ್ಟಿಯ ಮುಚ್ಚಳ ಹಾಕೋದು ಮರೆಯಬೇಡಿ. ತೆರೆದು ಬಿಟ್ಟರೆ ಅಪಶಕುನ.

ಸಂಜೆಯ ಸೀನಿನಲ್ಲಿ ಬಿಯರ್‌ಲಾವೋ. ಗುಂಪಿನಲ್ಲಿ ಎಷ್ಟೋ ಸಲ ಒಂದೇ ಲೋಟ, ಐಸ್ ಹಾಕಿ ಸುತ್ತು ಬರುತ್ತೆ. ನಿಮ್ಮ ಸರದಿ ಬಂದಾಗ ಲೋಟ ಹಿಡಿದು ಕತೆ ಹೊಡೆಯುತ್ತಾ ಕೂರಬೇಡಿ, ಮುಂದಿನವನು ಕಾಯುತ್ತಿರುತ್ತಾನೆ. ಕುಡಿಯದವರು ತುಟಿಗೆ ಮುಟ್ಟಿಸಿ ನಕ್ಕು ದಾಟಿಸಿದರೆ ಸಾಕು. ಆದರೆ ಎಲ್ಲಿಂದ ಬಂತೋ ಗೊತ್ತಿಲ್ಲದ ಪುಕ್ಕಟೆ ಮದ್ಯಕ್ಕೆ ಮಾತ್ರ ಮರ್ಯಾದೆಗಾಗಿಯೂ ಬಾಯಿ ಒಡ್ಡಬೇಡಿ. 2024ರ ನವೆಂಬರ್‌ನಲ್ಲಿ ವಾಂಗ್ ವಿಯೆಂಗ್ ಅನ್ನೋ ಪ್ರವಾಸಿ ಊರಿನಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು ಆರು ಮಂದಿ ವಿದೇಶಿಯರು ಸತ್ತರು. 1981ರ ಬೆಂಗಳೂರಿನ ಕಳ್ಳಭಟ್ಟಿ ದುರಂತ ಕಂಡವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಹೀರೋಯಿನ್ ಹುಡುಕಿಕೊಂಡು ಹೋಗೋರಿಗೆ...

ಇದನ್ನು ಓದದೆ ಪುಟ ತಿರುಗಿಸಬೇಡಿ. ಲಾವೋ ಹೆಣ್ಣುಮಕ್ಕಳು ನಕ್ಕು ಮಾತಾಡುತ್ತಾರೆ. ಅಂಗಡಿ, ಹೋಟೆಲು, ಹೊಲ, ಆಫೀಸು – ಎಲ್ಲೆಡೆ ಅವರೇ. ಆ ನಗೆಯನ್ನು ಬೇರೆ ಏನೋ ಅಂದುಕೊಂಡರೆ ಅದು ನಿಮ್ಮ ಕಣ್ಣಿನ ದೋಷ. ಹಿಂದೆ ಹಿಂದೆ ಅಲೆಯೋದು, ಸಿಳ್ಳೆ ಹೊಡೆಯೋದು, ಕೇಳದೆ ಫೋಟೋ ತೆಗೆಯೋದು – ನಮ್ಮ ಎಷ್ಟೋ ಚಿತ್ರಗಳಲ್ಲಿ ಹಾಡಿಗೆ ಮುಂಚಿನ ಸೀನು ಇದೇ ತಾನೇ? ಅಲ್ಲಿ ಇದಕ್ಕೆ ಹಾಡು ಬರೋದಿಲ್ಲ. ಗಂಡ ಹೆಂಡಿರು ಕೂಡ ಬೀದಿಯಲ್ಲಿ ತಬ್ಬಿಕೊಳ್ಳೋದಿಲ್ಲ, ಮುತ್ತಿಡೋದಿಲ್ಲ.

ಕಾನೂನೂ ಇದೆ. ವಿದೇಶೀಯನಿಗೂ ಲಾವೋ ಪ್ರಜೆಗೂ ಮದುವೆಯ ಹೊರಗೆ ದೈಹಿಕ ಸಂಬಂಧ ಅಲ್ಲಿ ಅಪರಾಧ. ಮದುವೆಯಾಗಬೇಕಾದರೂ ಸರ್ಕಾರದ ಅನುಮತಿ ಬೇಕು. ನಿಮಗೆ ದಂಡವೋ ಜೈಲೋ ಆಗಿ ಊರಿಗೆ ಬಂದುಬಿಡಬಹುದು. ಆ ಹುಡುಗಿ ಮುಖಭಂಗ ಹೊತ್ತು ಅದೇ ಊರಿನಲ್ಲಿ ಬಾಳಬೇಕು. ಅದನ್ನು ಯೋಚಿಸಿ.

ಪ್ರೇಮಕಥೆ ನೋಡಲೇಬೇಕೆಂದರೆ 2008ರ ‘ಸಬಾಯ್‌ದೀ ಲುವಾಂಗ್ ಪ್ರಬಾಂಗ್’ ನೋಡಿ. 1975ರಲ್ಲಿ ಕಮ್ಯುನಿಸ್ಟ್ ಆಡಳಿತ ಬಂದ ಮೇಲೆ ಲಾವೋಸ್‌ನಲ್ಲಿ ತಯಾರಾದ ಮೊದಲ ಕಮರ್ಷಿಯಲ್ ಚಿತ್ರ. ಆನಂದ ಎವರಿಂಗ್‌ಹ್ಯಾಮ್ ಛಾಯಾಗ್ರಾಹಕ, ಖಾಮ್ಲಿ ಫಿಲಾವೋಂಗ್ ಗೈಡ್ ಹುಡುಗಿ. ಮೆಲ್ಲಗೆ ಅರಳೋ ಪ್ರೇಮ. ಆ ನಿಧಾನವೇ ಆ ನಾಡಿನ ನಡತೆ.

ಬೆಳಗಿನ ಸಾಲು

ಲುವಾಂಗ್ ಪ್ರಬಾಂಗ್ ಊರು 1995ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಅಲ್ಲಿ ದಿನಾ ನಸುಕಿನಲ್ಲಿ ಕಾವಿ ಉಟ್ಟ ಭಿಕ್ಷುಗಳು ಬರಿಗಾಲಲ್ಲಿ ಸಾಲಾಗಿ ಭಿಕ್ಷೆಗೆ ಬರುತ್ತಾರೆ. ಇದು ‘ತಾಕ್ ಬಾತ್’. ಜನ ಮಂಡಿಯೂರಿ ಕೂತು ಪಾತ್ರೆಗೆ ಒಂದೊಂದು ಚಿಟಿಕೆ ಅಂಟು ಅನ್ನ ಹಾಕುತ್ತಾರೆ. ಯಾರೂ ಮಾತಾಡೋದಿಲ್ಲ.

ಆ ಸಾಲಿನ ಕೊನೆಯಲ್ಲಿ ಬರೋರು ಹುಡುಗರು. ಮೀಸೆ ಮೂಡದ ಸಾಮಣೇರರು. ಎಷ್ಟೋ ಮಂದಿ ಬಡ ಹಳ್ಳಿಗಳಿಂದ ಓದಲೆಂದೇ ವಿಹಾರಕ್ಕೆ ಸೇರಿದವರು. ಲಾವೋ ಗಂಡಸು ಬದುಕಿನಲ್ಲಿ ಒಮ್ಮೆಯಾದರೂ, ಕೆಲವು ದಿನಗಳ ಮಟ್ಟಿಗಾದರೂ ಕಾವಿ ಉಡಬೇಕು ಅನ್ನೋದು ಹಳೆಯ ಪದ್ಧತಿ. ಉಡದವನು ‘ದಿಪ್’, ಅಂದ್ರೆ ಹಸಿ. ಉಟ್ಟು ಬಂದವನು ‘ಸುಕ್’, ಬೆಂದವನು. ಫೈಟ್ ಮಾಡಿ ಗಂಡಸಾಗೋದಲ್ಲ ಅಲ್ಲಿ, ತಲೆ ಬೋಳಿಸಿ ಭಿಕ್ಷೆ ಬೇಡಿ ಗಂಡಸಾಗೋದು!

ಈ ಮಕ್ಕಳ ಮುಖಕ್ಕೆ ಮೊಬೈಲ್ ಹಿಡಿದು ಫ್ಲ್ಯಾಶ್ ಹಾಕೋ ಪ್ರವಾಸಿಗರು ನೂರಾರು. ನೀವು ಆ ಗುಂಪಿಗೆ ಸೇರಬೇಡಿ. ರಸ್ತೆಯ ಆಚೆ ಬದಿಯಲ್ಲಿ ಸುಮ್ಮನೆ ನಿಂತು ನೋಡಿ. ಭುಜ, ಮಂಡಿ ಮುಚ್ಚೋ ಬಟ್ಟೆ ಇರಲಿ. ನಿಜವಾಗಿ ಭಕ್ತಿ ಇದ್ದರೆ ಮಾತ್ರ ಭಿಕ್ಷೆ ಹಾಕಿ. ಜೊತೆಯಲ್ಲಿ ಅಕ್ಕ ತಂಗಿ ಇದ್ದರೆ ಹೇಳಿ: ಹೆಂಗಸರು ಭಿಕ್ಷುವನ್ನು, ಆತನ ಕಾವಿಯನ್ನು ಮುಟ್ಟುವಂತಿಲ್ಲ.

ಮೆತ್ತಗಿನೋರು ಅಂದ್ಕೋಬೇಡಿ

‘ಇಷ್ಟು ತಗ್ಗಿ ನಡೆಯೋ ಜನ ಪುಕ್ಕಲರಿರಬೇಕು’ ಅಂತ ಯಾರಾದರೂ ಅಂದರೆ ಈ ಲೆಕ್ಕ ಹೇಳಿ. 1964ರಿಂದ 1973ರ ತನಕ ಅಮೆರಿಕದ ವಿಮಾನಗಳು 5,80,000 ಸಲ ಹಾರಿ ಬಂದು ಈ ಪುಟ್ಟ ನಾಡಿನ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು ಸುರಿದವು. ತಲಾವಾರು ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಬಾಂಬು ತಿಂದ ದೇಶ. ಕೋಟಿಗಟ್ಟಲೆ ಸಣ್ಣ ಬಾಂಬುಗಳು ಸಿಡಿಯದೆ ಇನ್ನೂ ಮಣ್ಣಿನಲ್ಲಿವೆ. ಹೊಲ ಅಗೆಯೋರು, ಆಡೋ ಮಕ್ಕಳು ಈಗಲೂ ಕೈಕಾಲು ಕಳೆದುಕೊಳ್ಳುತ್ತಾರೆ. ಅಷ್ಟಾದರೂ ಆ ಹಳ್ಳಿಗಳಲ್ಲಿ ಬಾಂಬಿನ ಕವಚಗಳನ್ನೇ ಬೇಲಿಗೆ ಕಂಬ ಮಾಡಿ, ಬಂದವರಿಗೆ ‘ಸಬಾಯ್ ದೀ’ ಅನ್ನುತ್ತಾರೆ. ಶಿಯೆಂಗ್ ಖುವಾಂಗ್ ಕಡೆ ಹೋದರೆ ನಡೆದ ದಾರಿ ಬಿಟ್ಟು ಹೆಜ್ಜೆ ಇಡಬೇಡಿ. ಇದು ಮರ್ಯಾದೆಯ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ.

ಇನ್ನೊಂದು ಬಲೆಯಿದೆ. ‘ಲಾವೋಸ್‌ನಲ್ಲಿ ಕಂಪ್ಯೂಟರ್ ಕೆಲಸ, ಕೈತುಂಬ ಸಂಬಳ, ಟಿಕೆಟ್ ನಮ್ಮದೇ’ ಅಂತ ಯಾರಾದರೂ ಫೋನ್ ಮಾಡಿದರೆ ಹುಷಾರ್! ಉತ್ತರದ ಬೊಕಿಯೋ ಪ್ರಾಂತ್ಯದ ಗೋಲ್ಡನ್ ಟ್ರಯಾಂಗಲ್ ವಲಯದಲ್ಲಿ ಹೀಗೆ ಹೋದ ನಮ್ಮ ಯುವಕರನ್ನು ಕೂಡಿಹಾಕಿ, ಪಾಸ್‌ಪೋರ್ಟ್ ಕಿತ್ತುಕೊಂಡು, ಫೋನಿನಲ್ಲಿ ಜನರಿಗೆ ಮೋಸ ಮಾಡೋ ಕೆಲಸಕ್ಕೆ ಹಚ್ಚಿದ್ದರು. 2024ರ ಆಗಸ್ಟ್‌ನಲ್ಲಿ 47 ಮಂದಿಯನ್ನು, 2025ರ ಜನವರಿಯಲ್ಲಿ 67 ಮಂದಿಯನ್ನು ನಮ್ಮ ರಾಯಭಾರ ಕಚೇರಿ ಬಿಡಿಸಿತು. ಪ್ರವಾಸಿ ವೀಸಾದಲ್ಲಿ ಅಲ್ಲಿ ಕೆಲಸ ಮಾಡುವಂತಿಲ್ಲ. ಇಷ್ಟು ನೆನಪಿದ್ದರೆ ಅರ್ಧ ಬಲೆ ಹರಿದಂತೆ.

ಕೈಗೊಂದು ದಾರ

ನೀವು ನೆಟ್ಟಗೆ ನಡೆದುಕೊಂಡಿರಿ ಅನ್ನಿ. ಯಾವುದಾದರೂ ಮನೆಯವರು ನಿಮ್ಮನ್ನು ‘ಬಾಸೀ’ಗೆ ಕರೆದಾರು. ಮದುವೆ, ಹೊಸ ವರ್ಷ, ಊರಿಗೆ ಬರೋದು, ಹೊರಡೋದು – ಎಲ್ಲಕ್ಕೂ ಬಾಸೀ ಉಂಟು. ಹೂವು ಎಲೆಗಳ ಗೋಪುರದ ಸುತ್ತ ಕೂತು, ಹಿರಿಯರೊಬ್ಬರು ನಿಮ್ಮ 32 ಖ್ವಾನ್‌ಗಳನ್ನು ‘ಎಲ್ಲೆಲ್ಲಿ ಅಲೆಯುತ್ತಿದ್ದೀರೋ ಬನ್ನಿ’ ಅಂತ ಕರೆಯುತ್ತಾರೆ. ಆಮೇಲೆ ಒಬ್ಬೊಬ್ಬರೇ ಬಂದು ಹರಸುತ್ತಾ ನಿಮ್ಮ ಮಣಿಕಟ್ಟಿಗೆ ಬಿಳಿ ದಾರ ಕಟ್ಟುತ್ತಾರೆ. ಒಂದು ಕೈ ಮುಂದೆ ಚಾಚಿ, ಇನ್ನೊಂದು ಕೈ ನಮಸ್ಕಾರದಂತೆ ಎತ್ತಿ ಹಿಡಿದು, ತಲೆ ತಗ್ಗಿಸಿ ಕೂತರಾಯಿತು.

ಆ ದಾರ ಕನಿಷ್ಠ ಮೂರು ದಿನ ಕೈಯಲ್ಲಿರಬೇಕು. ಆಮೇಲೂ ಕತ್ತರಿ ಹಾಕಬಾರದು, ಗಂಟು ಬಿಚ್ಚಬೇಕು. ಸಿಟ್ಟಿನವನಿಗೆ ಗಂಟು ಬಿಚ್ಚೋಕೆ ಬರೋದಿಲ್ಲ. ತಣ್ಣಗೆ ಕೂತು, ಉಗುರಿನ ತುದಿಯಲ್ಲಿ ಮೆಲ್ಲಗೆ ಬಿಡಿಸಬೇಕು. ಅಷ್ಟು ತಾಳ್ಮೆ ಕಲಿತರೆ ಹೋಗಿ ಬಂದ ಖರ್ಚು ವಸೂಲು!